ಮಾವೋರಿ ಕೆತ್ತನೆಯ ಕೈಗಡಿಯಾರ: ಆ ಗೆರೆ ಯಾರದು?

ಪ್ರಶ್ನೆ: ಊರು ದಾವಣಗೆರೆ, ಆರು ವರ್ಷದಿಂದ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿನ ಕರಕುಶಲ ಪ್ರದರ್ಶನವೊಂದರಲ್ಲಿ, ಕೇಸಿನ ಸುತ್ತ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಶೈಲಿಯ ಸುರುಳಿಗಳನ್ನು ಕೈಯಲ್ಲೇ ಕೆತ್ತಿದ ವಾಚೊಂದನ್ನು ನೋಡಿದೆ. ಹತ್ತು ನಿಮಿಷ ಅಲ್ಲಿಂದ ಕದಲಲಾಗಲಿಲ್ಲ. ಕೆತ್ತನೆಯಿಲ್ಲದ ಅಂಥದೇ ವಾಚಿಗಿಂತ ಬೆಲೆ ಹಲವು ಪಟ್ಟು. ಅದರಲ್ಲಿ ಅಂಥದ್ದೇನಿದೆ? ಕೈಕೆತ್ತನೆಯೋ ಲೇಸರೋ ಎಂದು ಗುರುತಿಸುವುದು ಹೇಗೆ? ಮಾವೋರಿಗಳಲ್ಲದ ನಮ್ಮಂಥವರು ಕಟ್ಟಿಕೊಂಡರೆ ತಪ್ಪಾದೀತೇ? ತೀರಿಕೊಂಡ ಅಪ್ಪನ ಎಚ್‌ಎಂಟಿ ಜನತಾ ನನ್ನ ಹತ್ತಿರ ಇದೆ. ಊರಿಗೆ ಬಂದಾಗ ಫೋಟೊ ತೋರಿಸಿ ಅದೇ ವಿನ್ಯಾಸವನ್ನು ಬೆಂಗಳೂರಿನಲ್ಲಿ ಅದರ ಮೇಲೆ ಕೆತ್ತಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ ಒಂದೇ ಮಾತು, ಬೇಡ. ಯಾಕೆ ಬೇಡ ಅನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ನೀವು ಕದಲದೆ ನಿಂತಿರಲ್ಲ, ಅದಕ್ಕೆ ಕಾರಣ ಮೊದಲು ಬೆಳಕು, ಆಮೇಲೆ ವಿನ್ಯಾಸ. ಕೆತ್ತುವ ಉಳಿಯ ಮುಖವನ್ನು ನಾವು ಕೆತ್ತನೆಗಾರರು ಕನ್ನಡಿಯಂತೆ ಸಾಣೆ ಹಿಡಿದಿರುತ್ತೇವೆ. ಅಂಥ ಉಳಿ ಲೋಹದಲ್ಲಿ ಸಾಗಿದರೆ ಹಿಂದೆ ಉಳಿಯುವ ಚಡಿಗೆ ಎರಡು ಇಳಿಜಾರು ಗೋಡೆ, ಎರಡೂ ಹೊಳೆಯುವಂಥವು. ಮಣಿಕಟ್ಟು ತುಸು ತಿರುಗಿದರೆ ಒಂದು ಗೋಡೆ ಬೆಳಗುತ್ತದೆ, ಎದುರಿನದು ಕಪ್ಪಾಗುತ್ತದೆ. ಮತ್ತೆ ತಿರುಗಿದರೆ ಅದಲುಬದಲು. ಅಚ್ಚು ಹಾಕಿದ ಚಿತ್ರಕ್ಕೆ ಈ ಆಟ ಬರುವುದಿಲ್ಲ. ಇನ್ನೂ ಒಂದು ವಿಷಯ ಇದೆ. ತಿರುವಿನಲ್ಲಿ ಕೈ ಉಳಿಯನ್ನು ಪಕ್ಕಕ್ಕೆ ವಾಲಿಸಿದರೆ ಚಡಿ ಅಗಲವಾಗುತ್ತದೆ, ನೆಟ್ಟಗೆ ಮಾಡಿದರೆ ಕೂದಲೆಳೆಯಾಗುತ್ತದೆ. ಒಂದೇ ಗೆರೆ ಸಣ್ಣಗೆ ಹೊರಟು, ಊದಿ, ಮತ್ತೆ ಸಣ್ಣಗಾಗಿ ಮುಗಿಯುತ್ತದೆ. ಮಾವೋರಿ ವಿನ್ಯಾಸಕ್ಕೆ ಬೇಕಾದದ್ದೂ ಇದೇ.

ಅವರ ‘ಕೊರು’ವನ್ನು ನೀವು ಅಲ್ಲಿ ದಿನಾ ನೋಡುತ್ತಿರುತ್ತೀರಿ, ಏರ್ ನ್ಯೂಜಿಲೆಂಡ್ ವಿಮಾನದ ಬಾಲದ ಮೇಲೆ. ಜರೀಗಿಡದ ಎಳೆಯ ಚಿಗುರು ಬಿಚ್ಚಿಕೊಳ್ಳುವ ಮೊದಲು ಪಿಟೀಲಿನ ತಲೆಯಂತೆ ಸುತ್ತಿಕೊಂಡಿರುತ್ತದಲ್ಲ, ಆ ರೂಪ. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ತೋಟದ ಬದುವಿನಲ್ಲಿ ನಮಗೂ ಸಿಗುತ್ತದೆ. ಸಣ್ಣ ಕಾಂಡ, ತುದಿಯಲ್ಲಿ ಗುಂಡಗೆ ಊದಿದ ಮೊಗ್ಗು. ಸಭಾಮನೆಗಳ ಜಂತಿ, ತೊಲೆಗಳ ಮೇಲೆ ಕೆಂಪು, ಕಪ್ಪು, ಬಿಳಿಯಲ್ಲಿ ಬರೆಯುವ ‘ಕೋಫೈಫೈ’ ಚಿತ್ತಾರದ ಜೀವಾಳವೂ ಕೊರುವೇ. ಅಲ್ಲಿ ಗಮನಿಸಬೇಕಾದ ಜಾಣತನ ಒಂದಿದೆ. ಅನೇಕ ಚಿತ್ತಾರಗಳಲ್ಲಿ ಬಣ್ಣ ತುಂಬುವುದು ಕೊರುವಿಗಲ್ಲ, ಅದರ ಸುತ್ತಲಿನ ನೆಲಕ್ಕೆ. ಬಿಳಿಯಾಗಿ ಬಿಟ್ಟ ಜಾಗವೇ ಕೊರು. ಅದು ರೂಪವೋ ನೆಲವೋ ಎಂದು ಕಣ್ಣು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ.

ಇದನ್ನು ಲೋಹಕ್ಕೆ ತರುವಾಗ ಕೆತ್ತುವವನು ಮೊದಲು ತೀರ್ಮಾನಿಸಬೇಕಾದದ್ದು ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು. ಸುಮ್ಮನೆ ಸುರುಳಿಯ ಅಂಚಿನಲ್ಲಿ ಗೆರೆ ಎಳೆದರೆ ಕೆಲಸ ಬೇಗ ಮುಗಿಯುತ್ತದೆ, ನೋಡಲು ಮಾತ್ರ ಮದುವೆ ಕಾರ್ಡಿನ ಅಂಚಿನಂತಿರುತ್ತದೆ. ನೆಲವನ್ನು ತೆಗೆದು, ಸಣ್ಣ ಚುಕ್ಕಿಗಳಿಂದ ಮಂಕು ಮಾಡಿ, ಕೊರುವನ್ನು ಕೇಸಿನ ಮೂಲ ಹೊಳಪಿನಲ್ಲೇ ಬಿಟ್ಟರೆ ಆ ಓಡಾಟ ಲೋಹದಲ್ಲೂ ಬರುತ್ತದೆ. ನೀವು ನೋಡಿದ ವಾಚು ಯಾವ ಬಗೆಯದು ಎಂದು ಮುಂದಿನ ಸಲ ಗಮನಿಸಿ. ಬೆಲೆಯ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಇನ್ನರ್ಧ ಉತ್ತರ ಬೆಜೆಲ್‌ನಲ್ಲಿದೆ, ಅಂದರೆ ಗಾಜಿನ ಸುತ್ತಲಿನ ಉಂಗುರದಲ್ಲಿ. ಮರದ ಕೆತ್ತನೆಯಲ್ಲಿ ಮಾವೋರಿಗಳು ಒಂದರ ಪಕ್ಕ ಒಂದು ಹೋಗುವ ಚಡಿಗೆರೆಗಳಿಗೆ ‘ಹಾಯೆಹಾಯೆ’ ಎನ್ನುತ್ತಾರೆ, ಅವುಗಳ ನಡುವೆ ಸಾಲಾಗಿ ಬರುವ ಕಚ್ಚುಗಳಿಗೆ ‘ಪಾಕತಿ’. ಎರಡೂ ಸೇರಿದ ನಕ್ಷೆ ‘ರೌಪೊಂಗ’, ಪೊಂಗ ಎಂಬ ಜರೀಗಿಡದ ಎಲೆಯ ಹೆಸರಿನದು. ಮರದ ಕಂಬದ ಮೇಲೆ ಒಂದು ಕಚ್ಚು ಹೆಚ್ಚು ಕಡಿಮೆಯಾದರೆ ಯಾರೂ ಎಣಿಸುವುದಿಲ್ಲ. ವಾಚಿನ ಬೆಜೆಲ್ ವೃತ್ತ. 40 ಮಿ.ಮೀ. ವ್ಯಾಸ ಎಂದರೆ ಸುತ್ತಳತೆ ಸುಮಾರು 126 ಮಿ.ಮೀ. 0.8 ಮಿ.ಮೀ.ಗೆ ಒಂದು ಕಚ್ಚು ಎಂದಿಟ್ಟುಕೊಂಡರೆ 157 ಕಚ್ಚು. ಪ್ರತಿಯೊಂದರಲ್ಲೂ ಒಂದು ಮಿ.ಮೀ.ನ ನೂರನೇ ಒಂದು ಭಾಗ ತಪ್ಪುತ್ತಾ ಹೋದರೂ, ಸುತ್ತು ಹಾಕಿ ಮೊದಲಿನ ಕಚ್ಚಿಗೆ ಬಂದು ಸೇರುವಾಗ ಸುಮಾರು ಎರಡು ಕಚ್ಚಿನಷ್ಟು ಜಾಗ ಮಿಕ್ಕಿರುತ್ತದೆ ಇಲ್ಲವೇ ಸಾಲದಾಗುತ್ತದೆ. ಅದಕ್ಕೇ ಮೊದಲು ವೃತ್ತವನ್ನು ಹನ್ನೆರಡು ಪಾಲು ಮಾಡಿ, ಪ್ರತಿ ಪಾಲಿನೊಳಗೇ ತಪ್ಪನ್ನು ಅಡಗಿಸುತ್ತಾ ಹೋಗುತ್ತೇವೆ. ನನಗೆ ಒಂದು ಬೆಜೆಲ್‌ಗೆ ಎರಡು ದಿನ ಹಿಡಿಯುತ್ತದೆ, ಅದೂ ಕಾಫಿ ಕುಡಿಯದ ದಿನಗಳಲ್ಲಿ. ಕೈ ನಡುಗುತ್ತದೆ, ಅದಕ್ಕೆ.

ಲೋಹವೂ ಲೆಕ್ಕಕ್ಕೆ ಬರುತ್ತದೆ. ಬೆಳ್ಳಿ, 18 ಕ್ಯಾರಟ್ ಚಿನ್ನ ಉಳಿಗೆ ದಾರಿ ಬಿಡುತ್ತವೆ. ಸಾಮಾನ್ಯ ವಾಚಿನ 316ಎಲ್ ಸ್ಟೀಲು ಹಾಗಲ್ಲ, ಕೆತ್ತುತ್ತಾ ಹೋದಂತೆ ಅಲ್ಲಲ್ಲೇ ಗಟ್ಟಿಯಾಗುತ್ತದೆ, ಉಳಿಯ ತುದಿ ಟಕ್ಕೆಂದು ಮುರಿದು ಹಾರುತ್ತದೆ. ಟೈಟಾನಿಯಂ ಅದಕ್ಕಿಂತ ಹಟಮಾರಿ, ಉಳಿಗೇ ಅಂಟಿಕೊಳ್ಳುತ್ತದೆ. ಸ್ಟೀಲಿನ ಮೇಲೆ ಈಗ ಬಹುತೇಕರು ಗಾಳಿಯ ಒತ್ತಡದಿಂದ ಹೊಡೆತ ಕೊಡುವ ಉಪಕರಣ ಹಿಡಿಯುತ್ತಾರೆ. ‘ಹಾಗಾದರೆ ಅದು ಕೈಕೆಲಸವೇ?’ ಎಂದು ಗಿರಾಕಿಗಳು ಹುಬ್ಬೇರಿಸುತ್ತಾರೆ. ಸಂಶಯವೇ ಬೇಡ, ಕೈಕೆಲಸವೇ. ಸುತ್ತಿಗೆಯ ಬದಲು ಗಾಳಿ ಬಡಿಯುತ್ತದೆ ಅಷ್ಟೇ. ದಾರಿ, ಆಳ, ವಾಲು ಎಲ್ಲ ಅಂಗೈಯಲ್ಲೇ ಇರುತ್ತವೆ.

ಈಗ ಇಡೀ ವಿಷಯದ ಸೂಕ್ಷ್ಮ ಭಾಗಕ್ಕೆ ಬರುತ್ತೇನೆ. ಮಾವೋರಿ ವಿನ್ಯಾಸವನ್ನು ಲೋಹಕ್ಕೆ ಹಾಕುವುದು ಹೊಸ ಚಾಳಿ ಅನ್ನಿಸಬಹುದು, ಆದರೆ ಕೆತ್ತುವುದು ಅವರಿಗೆ ಮೈಗೇ ಹತ್ತಿದ್ದು. ಅವರ ‘ತಾ ಮೊಕೊ’ವನ್ನು ನಾವು ಹಚ್ಚೆ ಎಂದುಬಿಡುತ್ತೇವೆ. ನಮ್ಮ ಹಚ್ಚೆ ಸೂಜಿಯಿಂದ ಚುಚ್ಚುವುದು. ಹಳೆಯ ಮೊಕೊ ಹಾಗಲ್ಲ. ಆಲ್ಬಟ್ರಾಸ್‌ನಂಥ ಕಡಲಹಕ್ಕಿಯ ಮೂಳೆಯಿಂದ ಮಾಡಿದ ‘ಉಹಿ’ ಎಂಬ ಪುಟ್ಟ ಉಳಿಯನ್ನು ಚರ್ಮದ ಮೇಲಿಟ್ಟು ಬಡಿಯುತ್ತಿದ್ದರು, ಮುಖದಲ್ಲಿ ನಿಜವಾದ ಚಡಿಗಳೇ ಮೂಡುತ್ತಿದ್ದವು, ಅದರೊಳಗೆ ಮಸಿ. ಬೆರಳಾಡಿಸಿದರೆ ಗೆರೆ ಸಿಗುವಂಥ ಮುಖ. ಆಕ್ಲೆಂಡ್ ಕಲಾ ಗ್ಯಾಲರಿಯಲ್ಲಿ ಗಾಟ್‌ಫ್ರೀಡ್ ಲಿಂಡಾವರ್ ಬರೆದ ಮಾವೋರಿ ಹಿರಿಯರ ಭಾವಚಿತ್ರಗಳಿವೆ, ಒಂದು ಭಾನುವಾರ ಹೋಗಿ ಬನ್ನಿ. ಮೂಗಿನ ಪಕ್ಕದ ಸುರುಳಿಗಳಲ್ಲಿ ಅವನು ನೆರಳು ಹೇಗೆ ಹಿಡಿದಿದ್ದಾನೆ ನೋಡಿ.

ಆ ಗೆರೆಗಳು ಅಲಂಕಾರಕ್ಕಷ್ಟೇ ಇದ್ದವಲ್ಲ. ಯಾರ ಮಗ, ಯಾವ ಕುಲ, ಯಾವ ಸ್ಥಾನ ಎಂಬುದು ಅವುಗಳಲ್ಲಿ ಇರುತ್ತಿತ್ತು. ವಂಶಾವಳಿಗೆ ಅವರು ‘ಫಕಪಪ’ ಎನ್ನುತ್ತಾರೆ, ಮೊಕೊ ಅದರ ಬರಹ. 1820ರ ದಶಕದಲ್ಲಿ ತೆ ಪೆಹಿ ಕುಪೆ ಎಂಬ ಮುಖಂಡ ಇಂಗ್ಲೆಂಡಿಗೆ ಹೋಗಿದ್ದ. ಲಿವರ್‌ಪೂಲ್‌ನಲ್ಲಿ ಕಾಗದ ಕೊಟ್ಟಾಗ ತನ್ನ ಮುಖದ ಮೊಕೊವನ್ನು ಕನ್ನಡಿಯಿಲ್ಲದೆ, ನೆನಪಿನಿಂದಲೇ ಗೆರೆ ತಪ್ಪದಂತೆ ಬರೆದುಕೊಟ್ಟ. ನೀವೋ ನಾನೋ ನಮ್ಮ ಮುಖವನ್ನು ಹಾಗೆ ಬರೆಯಲಾರೆವು, ಹೆಸರನ್ನು ಬರೆದೇವು. ಅವನ ಪಾಲಿಗೆ ಅದು ಹೆಸರೇ. 19ನೇ ಶತಮಾನದ ಕಾಗದಪತ್ರಗಳಲ್ಲಿ, ಬ್ರಿಟಿಷರ ಜೊತೆ ಆದ 1840ರ ವೈತಾಂಗಿ ಒಪ್ಪಂದದಲ್ಲೂ, ಕೆಲವು ಮುಖಂಡರು ಸಹಿಯ ಜಾಗದಲ್ಲಿ ತಮ್ಮ ಮೊಕೊದ ಒಂದು ತುಂಡನ್ನೇ ಬರೆದಿದ್ದಾರೆ.

ಇದು ನನಗೆ ತಿಳಿದದ್ದು ತಪ್ಪು ಮಾಡಿದ ಮೇಲೆ. ಸುಮಾರು ಹತ್ತು ವರ್ಷದ ಹಿಂದೆ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ಚಿತ್ರ ತಂದು ತೋರಿಸಿದ. ಎರಡು ದೊಡ್ಡ ಸುರುಳಿ, ಅವುಗಳ ನಡುವೆ ಬಾಗಿದ ಪಟ್ಟೆಗಳು. ‘ಟ್ರೈಬಲ್ ಡಿಸೈನ್ ಸಾರ್, ಹಿಂದಿನ ಮುಚ್ಚಳಕ್ಕೆ ಹಾಕಿಕೊಡಿ’ ಎಂದ. ಹಾಕಿಕೊಟ್ಟೆ. ಚೆನ್ನಾಗಿಯೇ ಬಂದಿತ್ತು, ಫೋಟೊ ತೆಗೆದು ಅಂಗಡಿಯ ಗೋಡೆಗೂ ಅಂಟಿಸಿದ್ದೆ. ವರ್ಷ ಕಳೆದ ಮೇಲೆ ಹಳೆಯ ಭಾವಚಿತ್ರವೊಂದನ್ನು ನೋಡುತ್ತಿದ್ದಾಗ ಕೈ ತಣ್ಣಗಾಯಿತು. ಅದೇ ಸುರುಳಿ, ಅದೇ ಪಟ್ಟೆ. ನಾನು ಕೆತ್ತಿದ್ದು ಒಬ್ಬ ಮನುಷ್ಯನ ಕೆನ್ನೆ. ಯಾರದೋ ತಾತನ ಸಹಿಯನ್ನು ನಕಲು ಮಾಡಿ ಯಾರದೋ ವಾಚಿನ ಬೆನ್ನಿಗೆ ಹಾಕಿದ್ದೆ. ಗೋಡೆಯಿಂದ ಫೋಟೊ ತೆಗೆದೆ, ವಾಚು ಎಲ್ಲಿದೆಯೋ ಗೊತ್ತಿಲ್ಲ.

ಹಾಗೆಂದು ಮಾವೋರಿ ವಿನ್ಯಾಸ ಬೇರೆಯವರಿಗೆ ಮುಚ್ಚಿದ ಬಾಗಿಲಲ್ಲ. ಅವರೇ ಇದಕ್ಕೊಂದು ದಾರಿ ಮಾಡಿದ್ದಾರೆ. ವಂಶದ ಗುರುತಿಲ್ಲದ, ಮಾವೋರಿ ಶೈಲಿಯ ಮೈಬರಹಕ್ಕೆ ‘ಕಿರಿತುಹಿ’ ಎನ್ನುತ್ತಾರೆ. ಕಿರಿ ಎಂದರೆ ಚರ್ಮ, ತುಹಿ ಎಂದರೆ ಬರೆಯುವುದು. ಮೊಕೊ ಮಾವೋರಿಗಳದು, ಕಿರಿತುಹಿ ಯಾರಿಗಾದರೂ ಬರೆದುಕೊಡಬಹುದಾದದ್ದು. ವಾಚಿಗೂ ಇದೇ ಅಳತೆಗೋಲು ಸಾಕು ಎಂಬುದು ನನ್ನ ಅಭಿಪ್ರಾಯ. ಕೊರು, ರೌಪೊಂಗದಂಥ ರೂಪಗಳನ್ನು ಬಳಸಿ ಮಾವೋರಿ ಕಲಾವಿದರೇ ನಿಮಗಾಗಿ ಬರೆದ ವಿನ್ಯಾಸವನ್ನು ನೀವು ಧಾರಾಳವಾಗಿ ಕಟ್ಟಿಕೊಳ್ಳಿ. ಮುಖದ ಮೊಕೊ, ಪೂರ್ವಿಕರ ಪ್ರತಿಮೆ ಇರುವಂಥದ್ದು ಬೇಡ. ಮಾರುವವರನ್ನು ಮೂರು ಮಾತು ಕೇಳಿ: ವಿನ್ಯಾಸ ಬರೆದವರು ಯಾರು, ಅವರು ಯಾವ ‘ಇವಿ’ಗೆ, ಅಂದರೆ ಯಾವ ಕುಲಕ್ಕೆ ಸೇರಿದವರು, ಲೋಹಕ್ಕೆ ಕೆತ್ತಿದವರು ಅವರೇನಾ ಬೇರೆಯವರಾ. ಬರೆದವರು ಒಬ್ಬರು, ಕೆತ್ತಿದವರು ಇನ್ನೊಬ್ಬರು ಆಗಿದ್ದರೆ ತಪ್ಪೇನಿಲ್ಲ, ಇಬ್ಬರ ಹೆಸರೂ ಹೇಳಲು ಬರಬೇಕು. ‘ಕೊರು ಅಂದರೆ ಹೊಸ ಆರಂಭ, ಸುರುಳಿ ಅಂದರೆ ಶಾಂತಿ’ ಎಂದು ಅಚ್ಚು ಹಾಕಿದ ಕಾರ್ಡು ಕೊಟ್ಟು ಸುಮ್ಮನಾದರೆ ನೀವೂ ನಕ್ಕು ಮುಂದೆ ಹೋಗಿ.

ಇದು ನನ್ನೊಬ್ಬನ ಮಡಿ ಎಂದುಕೊಳ್ಳಬೇಡಿ. ಜ್ಞಾನ, ವಿನ್ಯಾಸ, ಗಿಡಮರಗಳ ಮೇಲಿನ ಹಕ್ಕಿನ ಬಗ್ಗೆ ಮಾವೋರಿ ಕುಲಗಳು 1991ರಲ್ಲಿ, ಆ ಒಪ್ಪಂದ ಮುರಿದ ದೂರುಗಳನ್ನು ಕೇಳುವ ವೈತಾಂಗಿ ನ್ಯಾಯಮಂಡಳಿಯ ಮುಂದೆ ಇಟ್ಟ 262ನೇ ಅಹವಾಲಿಗೆ ವರದಿ ಬಂದದ್ದು 2011ರಲ್ಲಿ. ಇಪ್ಪತ್ತು ವರ್ಷ! ಅಲ್ಲಿನ 2002ರ ಟ್ರೇಡ್‌ಮಾರ್ಕ್ ಕಾನೂನಿನ ಪ್ರಕಾರ ಮಾವೋರಿ ಪದ ಅಥವಾ ಚಿತ್ರವಿರುವ ಗುರುತುಗಳ ಬಗ್ಗೆ ಸಲಹೆ ಕೊಡಲು ಒಂದು ಸಮಿತಿಯೇ ಇದೆ. ಕಸುಬು ಉಳಿದದ್ದೂ ತಾನಾಗಿ ಅಲ್ಲ. ಆಪಿರಾನಾ ನಾಟಾ ಎಂಬ ರಾಜಕಾರಣಿ ಪಟ್ಟು ಹಿಡಿದು 1927ರಲ್ಲಿ ರೊಟೊರುವಾದಲ್ಲಿ ಕೆತ್ತನೆಯ ಶಾಲೆ ಆರಂಭಿಸಿದರು. ಈಗ ಅದೇ ಊರಿನ ತೆ ಪುಯಾದಲ್ಲಿ, 1963ರ ಕಾನೂನಿನಿಂದ ಹುಟ್ಟಿದ ಸಂಸ್ಥೆಯಲ್ಲಿ, ಹುಡುಗರು ಮರ, ಮೂಳೆ, ಪೌನಮು ಎಂಬ ಹಸಿರುಕಲ್ಲು ಕೆತ್ತುವುದನ್ನು ಎದುರಿಗೇ ನಿಂತು ನೋಡಬಹುದು. ಆಕ್ಲೆಂಡಿನಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ವಾಚಿಗೆ ದುಡ್ಡು ಕೊಡುವ ಮೊದಲು ಹೋಗಿ ಬಂದರೆ ನಿಮ್ಮ ಕಣ್ಣು ಬದಲಾಗಿರುತ್ತದೆ.

ಅಷ್ಟು ದೂರ ಆಗದಿದ್ದರೆ ಆಕ್ಲೆಂಡ್ ವಸ್ತುಸಂಗ್ರಹಾಲಯದಲ್ಲೇ 1878ರ ‘ಹೊತುನುಇ’ ಸಭಾಮನೆಯಿದೆ. ಒಳಗೆ ಹೋಗಿ ಕಂಬಗಳನ್ನು ಎದುರಿನಿಂದ ನೋಡಬೇಡಿ, ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಮಂದ ಬೆಳಕಿನಲ್ಲಿ ಚಡಿಯೂ ಕಚ್ಚೂ ಹೇಗೆ ಎದ್ದು ಬರುತ್ತವೆ! ವಾಚನ್ನು ನೋಡುವ ಕ್ರಮವೂ ಅದೇ.

ವಾಚಿಗೂ ಈ ವಿನ್ಯಾಸಕ್ಕೂ ಇನ್ನೊಂದು ನಂಟು ನನಗೆ ಬಹಳ ಇಷ್ಟ. ಮಾವೋರಿ ಭಾಷೆಯಲ್ಲಿ ‘ಮುಅ’ ಎಂದರೆ ಮುಂದೆ, ‘ಮುರಿ’ ಎಂದರೆ ಹಿಂದೆ. ಆದರೆ ಕಾಲದ ಮಾತು ಬಂದಾಗ ಕಳೆದುಹೋದದ್ದು ‘ಮುಅ’, ಬರಲಿರುವುದು ‘ಮುರಿ’. ಕಂಡದ್ದು ಕಣ್ಣೆದುರಿಗಿದೆ, ಕಾಣದ್ದು ಬೆನ್ನ ಹಿಂದಿದೆ. ಕನ್ನಡದಲ್ಲೂ ‘ಮುಂಚೆ’ ಎಂದರೆ ಆಗಿಹೋದದ್ದು, ‘ಮುಂದೆ’ ಎಂದರೆ ಆಗಬೇಕಾದದ್ದು, ಎರಡರ ಬೇರೂ ‘ಮುನ್’. ಹೊರಗಿನವರಿಗೆ ನಾವೂ ಇಷ್ಟೇ ವಿಚಿತ್ರ ಕಾಣುತ್ತಿರಬೇಕು.

ಯುದ್ಧದೋಣಿಗಳ ಮೂತಿಯಲ್ಲಿ ಕೊರೆಯುವ ‘ತಕರಂಗಿ’ ಎಂಬ ಜೋಡಿ ಸುರುಳಿಯನ್ನೂ ನೋಡಿ. ಅದು ಆಚೆಬದಿ ಕಾಣುವಂತೆ ಮರವನ್ನು ತೂತು ಮಾಡಿ ತೆಗೆದ ಕೆಲಸ. ಭೂಮಿತಾಯಿ ಪಾಪಾ, ಬಾನತಂದೆ ರಂಗಿ ಬೇರೆಯಾಗಿ ನಡುವೆ ಬೆಳಕು ಹರಿದದ್ದರ ರೂಪ ಎಂದು ಹೇಳುತ್ತಾರೆ. ಒಳಗಿನ ಮಷೀನು ಕಾಣುವಂತೆ, ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಗಳನ್ನು ಕೊರೆದು ತೆಗೆದ ಸ್ಕೆಲಿಟನ್ ವಾಚಿಗೆ ಇದಕ್ಕಿಂತ ಹೊಂದುವ ವಿನ್ಯಾಸ ಬೇರೆ ಯಾವುದಿದೆ? ಒಮ್ಮೆ ಅಂಥದೊಂದು ನನ್ನ ಮೇಜಿಗೆ ಬಂದಿತ್ತು. ಒಳಗಿದ್ದದ್ದು ಜೇಬುಗಡಿಯಾರಕ್ಕೆಂದೇ ಮಾಡಿದ ದೊಡ್ಡ 36.6 ಮಿ.ಮೀ.ನ ಯುನಿಟಾಸ್ 6497, ಕೀಲಿ ಕೊಡುವ ಮಷೀನು. ಕೆತ್ತುವವರಿಗೆ ಇದು ಅಚ್ಚುಮೆಚ್ಚು, ಪಟ್ಟಿಗಳು ಅಗಲ, ಜಾಗ ಬೇಕಾದಷ್ಟು. ಕೀಲಿ ಕೊಟ್ಟೆ. ಸುರುಳಿ ಕೆತ್ತಿದ ಪಟ್ಟಿಯ ಕೆಳಗೆ ಹೇರ್‌ಸ್ಪ್ರಿಂಗ್, ಅದೂ ಸುರುಳಿಯೇ, ಸೆಕೆಂಡಿಗೆ ಐದು ಬಡಿತದಲ್ಲಿ ಹಿಗ್ಗಿ ಕುಗ್ಗತೊಡಗಿತು. ಮೇಲಿನದು ನಿಂತ ಸುರುಳಿ, ಕೆಳಗಿನದು ಉಸಿರಾಡುವ ಸುರುಳಿ. ರಿಪೇರಿ ಬಿಟ್ಟು ನೋಡುತ್ತಾ ಕೂತೆ.

ಇನ್ನು ಲೇಸರ್ ಪತ್ತೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಚಡಿಯ ತಳ ನೋಡಿ: ಲೇಸರ್ ಸುಟ್ಟದ್ದು ಮಂಕಾಗಿ, ಮರಳು ಮರಳಾಗಿ ಕಾಣುತ್ತದೆ, ಉಳಿ ಕೊಯ್ದದ್ದು ಹೊಳೆಯುತ್ತದೆ. ಗೆರೆಯ ತುದಿ ನೋಡಿ: ಉಳಿ ಒಳಹೊಕ್ಕ ಜಾಗ ಸೂಜಿಮೊನೆಯಂತೆ ಸಣ್ಣಗಿರುತ್ತದೆ, ಲೇಸರಿನದು ಗುಂಡಗೆ ಅಥವಾ ಮೊಂಡಾಗಿ ತಟ್ಟನೆ ನಿಲ್ಲುತ್ತದೆ. ಎಡಬಲದ ಸುರುಳಿಗಳನ್ನು ಹೋಲಿಸಿ: ಒಂದರ ಮೇಲೊಂದು ಇಟ್ಟಂತೆ ಇದ್ದರೆ ಅದು ಕಂಪ್ಯೂಟರಿನ ಕೆಲಸ. ಲೇಸರಿನಲ್ಲಿ ಗೆರೆ ಹಾಕಿಕೊಂಡು ಮೇಲೆ ಉಳಿಯಾಡಿಸುವವರೂ ಇದ್ದಾರೆ. ಅದು ಮೋಸವೇನಲ್ಲ, ಹೇಳಿ ಮಾರಿದರೆ. ‘ಹ್ಯಾಂಡ್ ಎನ್‌ಗ್ರೇವ್ಡ್’ ಎಂದು ಕೊಂಡು ತಂದ ವಾಚೊಂದನ್ನು ಗಿರಾಕಿಯೊಬ್ಬರು ತೋರಿಸಿದಾಗ ಬೆಜೆಲ್‌ನ ಎಲ್ಲ ಕಚ್ಚುಗಳೂ ಅವಳಿಜವಳಿ. ಹೇಳಲು ಮನಸ್ಸಾಗದೆ ಬ್ಯಾಟರಿ ಮಾತ್ರ ಬದಲಿಸಿ ಕೊಟ್ಟೆ. ಬ್ಯಾಟರಿ ಎಂದಾಗಲೇ ನಿಮಗೆ ಅಂದಾಜಾಗಿರಬೇಕು: ಅಷ್ಟು ದಿನ ಕೂತು ಕೆತ್ತುವವರು ಹತ್ತು ವರ್ಷಕ್ಕೆ ಎಸೆಯುವ ಮಷೀನನ್ನು ಒಳಗಿಡುವುದು ಅಪರೂಪ.

ಕೊಳ್ಳುವಾಗ ನೀರಿನ ಮಾತೂ ಕೇಳಿ. ಕೇಸಿನ ಗೋಡೆ ತೆಳು, ರಬ್ಬರ್ ರಿಂಗ್ ಕೂರುವ ಜಾಗದ ಹತ್ತಿರ ಕೆತ್ತಿದ್ದರೆ ನೀರು ನಿಲ್ಲುವುದಿಲ್ಲ. ಕೆತ್ತನೆಯ ನಂತರ ಒತ್ತಡದ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ. ಮುಂದೆ ಸರ್ವಿಸ್‌ಗೆ ಕೊಡುವಾಗ ‘ಪಾಲಿಶ್ ಬೇಡ’ ಎಂದು ಚೀಟಿಯಲ್ಲಿ ಬರೆಸಿ. ಒಂದೇ ಸಲ ಪಾಲಿಶ್ ಚಕ್ರಕ್ಕೆ ಹಿಡಿದರೂ ಪಾಕತಿಯ ಮೊನೆಗಳು ಸವೆದ ಗರಗಸದಂತಾಗುತ್ತವೆ.

ಈಗ ಅಪ್ಪನ ಜನತಾ. ಹಳೆಯ ಜನತಾಗಳಲ್ಲಿ ಬಹಳಷ್ಟರ ಕೇಸು ಹಿತ್ತಾಳೆಯಂಥ ಲೋಹ, ಮೇಲೆ ಕ್ರೋಮಿಯಂ ಲೇಪ. ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಬೆಜೆಲ್ ಮೇಲೆ ಉಳಿ ಹಾಕಿದರೆ ಲೇಪ ಸೀಳಿ ಒಳಗಿನ ಹಳದಿ ಕಾಣುತ್ತದೆ, ಬೆವರಿಗೆ ಹಸಿರು ಕಿಲುಬು ಹಿಡಿಯುತ್ತದೆ, ಅಂಚಿನಿಂದ ಕ್ರೋಮ್ ಸಿಪ್ಪೆಯಂತೆ ಏಳುತ್ತದೆ. ಕಸುಬಿನ ಲೆಕ್ಕದಲ್ಲೇ ಇದು ಬೇಡದ ಕೆಲಸ. ಫೋಟೊ ನೋಡಿ ಕೆತ್ತಿಸುವುದು ಯಾಕೆ ಬೇಡ ಎಂದು ಮೇಲೆ ಹೇಳಿದ್ದೇನೆ. ಆ ಪ್ರದರ್ಶನದ ವಾಚಿನ ವಿನ್ಯಾಸವೂ ಒಬ್ಬರು ಕೂತು ಬರೆದದ್ದೇ.

ಏನಾದರೂ ಮಾಡಿಸಲೇಬೇಕು ಅನ್ನಿಸಿದರೆ ಅಪ್ಪನ ಸಹಿ ಹುಡುಕಿ. ಪಾಸ್‌ಬುಕ್ಕು, ನಿಮ್ಮ ಶಾಲೆಯ ಮಾರ್ಕ್ಸ್ ಕಾರ್ಡು, ಹಳೆಯ ಇನ್‌ಲ್ಯಾಂಡ್ ಲೆಟರ್, ಎಲ್ಲಾದರೂ ಕನ್ನಡದಲ್ಲಿ ಹಾಕಿದ ಸಹಿ ಇದ್ದೇ ಇರುತ್ತದೆ. ಸ್ಟೀಲ್ ಮುಚ್ಚಳದ ಮೇಲೆ ಅದನ್ನು ತೆಳುವಾಗಿ ಕೆತ್ತಬಹುದು. ಕನ್ನಡದ ಅಕ್ಷರಗಳೂ ಸುರುಳಿಗಳೇ, ಉಳಿಗೆ ಚೆನ್ನಾಗಿ ಒಗ್ಗುತ್ತವೆ. ಆದರೆ ಯಾರಿಗೆ ಕೊಟ್ಟರೂ ಮೊದಲು ಮುಚ್ಚಳ ತೆಗೆಸಿ ಒಳಮೈಯ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ರಿಪೇರಿಯವರು ಸರ್ವಿಸ್ ಮಾಡಿದ ತಾರೀಖನ್ನು ಸೂಜಿಯಿಂದ ಅಲ್ಲಿ ಗೀಚಿಡುತ್ತಿದ್ದರು. ಅಪ್ಪ ಅದನ್ನು ಎಷ್ಟು ಸಲ, ಯಾವ ಯಾವ ವರ್ಷ ರಿಪೇರಿಗೆ ಕೊಟ್ಟಿದ್ದರು ಎಂಬುದು ಅಲ್ಲಿ ಇರಬಹುದು. ಅದನ್ನು ಉಜ್ಜಿಬಿಡಬೇಡಿ ಎಂದು ಎರಡು ಸಲ ಹೇಳಿ ಕೊಡಿ.